ಊಟದ ಜಪ ಮತ್ತು ಬಿಟ್ಟುಬಂದವರ ತಟ್ಟೆ

ಕರಾವಳಿಯ ನಮ್ಮ ಕಥೋಲಿಕ ಮನೆಗಳಲ್ಲಿ ರಾತ್ರಿಯ ಜಪಸರ ಮುಗಿದ ಮೇಲೆ ಕಿರಿಯರು ಹಿರಿಯರಿಂದ ಬೆಸಾಂವ್ ಬೇಡಿ, ಆ ಬಳಿಕ ಊಟಕ್ಕೆ ಕುಳಿತುಕೊಳ್ಳುವುದು ಬಹುಕಾಲದ ರೂಢಿ. ಬಡಿಸಿದ ಅನ್ನದ ಮುಂದೆ ಶಿಲುಬೆಯ ಗುರುತು ಮಾಡಿ, ಅರ್ಧ ನಿಮಿಷದ ಒಂದು ಜಪ ಹೇಳಿ, ತಟ್ಟೆಗೆ ಕೈ ಹಾಕುತ್ತೇವೆ. ಬಾಲ್ಯದಿಂದಲೇ ನಾಲಿಗೆಗೆ ಹತ್ತಿದ ಈ ಜಪದ ಬಗ್ಗೆ ನಾವು ಯಾರೂ ಹೆಚ್ಚು ಯೋಚಿಸಿದವರಲ್ಲ. ಅದು ಯಾರಿಗಾದರೂ ನೋವು ಕೊಡಬಹುದೆಂಬ ಕಲ್ಪನೆಯಂತೂ ನನಗೆ ಇರಲಿಲ್ಲ.

ಕಳೆದ ವರ್ಷ ಜೂನ್ ತಿಂಗಳ ಒಂದು ರಾತ್ರಿ ನನ್ನ ತಂಗಿಯ ಮಗ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಆತ ಒಂಬತ್ತು ವರ್ಷದ ಬಾಲಕನಾಗಿದ್ದಾಗ ಅವನ ತಂದೆ ಕುಟುಂಬಸಮೇತ ನಮ್ಮ ಧರ್ಮಸಭೆಯನ್ನು ತೊರೆದು, ಅತ್ಯಂತ ಕಟ್ಟುನಿಟ್ಟಿನ ಒಂದು ಪ್ರಾರ್ಥನಾ ಪಂಗಡವನ್ನು ಸೇರಿದ್ದರು. ಆ ಪಂಗಡದ ಹೆಸರು ಇಲ್ಲಿ ಬೇಡ. ಹುಡುಗ ಅಲ್ಲಿಯೇ ಬೆಳೆದು, ಇಪ್ಪತ್ತೈದು ದಾಟಿದ ಬಳಿಕ ಅದನ್ನು ಬಿಟ್ಟು ಹೊರಬಂದ. ಹಾಗೆಂದು ಆತ ನಮ್ಮ ಧರ್ಮಸಭೆಗೆ ಮರಳಿದವನೂ ಅಲ್ಲ. ಸದ್ಯಕ್ಕೆ ಯಾವ ದೇವಾಲಯದ ಮೆಟ್ಟಿಲನ್ನೂ ಹತ್ತುತ್ತಿಲ್ಲ.

ಮಳೆಗಾಲವಾದ್ದರಿಂದ ಅಂದು ಹಸಿಮೀನು ಇರಲಿಲ್ಲ. ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಒಣ ಸಿಗಡಿಯ ಚಟ್ನಿ ಬಡಿಸಿದ್ದೆವು. ನಾವು ಜಪಕ್ಕೆ ಕೈ ಜೋಡಿಸಿದೊಡನೆ ಆತ ತನ್ನೆರಡು ಕೈಗಳನ್ನೂ ಮೇಜಿನ ಕೆಳಗೆ ಇಳಿಸಿದ. ಎಂಬತ್ತು ದಾಟಿದ ನನ್ನ ತಾಯಿ ಅದನ್ನು ಗಮನಿಸಿದರು. ಜಪ ಮುಗಿದ ಕೂಡಲೇ, “ಜಪ ಹೇಳದೆ ಅನ್ನ ಮುಟ್ಟುವುದೇ? ಈ ಮನೆಯಲ್ಲಿ ಅದು ನಡೆಯದು ಪುತಾ” ಎಂದರು. ಆತ ಏನೂ ಉತ್ತರಿಸಲಿಲ್ಲ. ಎರಡು ತುತ್ತು ತಿಂದು, ಹಸಿವಿಲ್ಲವೆಂದು ಎದ್ದುಬಿಟ್ಟ.

ಬಸ್ಸಿನವರೆಗೆ ಕೊಡೆ ಹಿಡಿದು ಬಿಡಲು ಹೋದಾಗ ಆತ ಹೇಳಿದ ಮಾತು ನನ್ನನ್ನು ಇಂದಿಗೂ ಕಾಡುತ್ತಿದೆ. ಅವರ ಮನೆಯಲ್ಲಿ ಊಟದ ಮುಂಚಿನ ಪ್ರಾರ್ಥನೆ ಇಪ್ಪತ್ತು ನಿಮಿಷ ನಡೆಯುತ್ತಿತ್ತಂತೆ. ಆ ದಿನ ಮಕ್ಕಳು ಮಾಡಿದ ತಪ್ಪುಗಳನ್ನು ಒಂದೊಂದಾಗಿ ದೇವರ ಮುಂದೆ ಎತ್ತಿ ಹೇಳಲಾಗುತ್ತಿತ್ತಂತೆ. ಕೇಳಿದ ವಾಕ್ಯವನ್ನು ಬಾಯಿಪಾಠ ಒಪ್ಪಿಸಲಾಗದವನ ತಟ್ಟೆ ಅಡುಗೆಮನೆಗೆ ಮರಳುತ್ತಿತ್ತಂತೆ. “ಮಾಮ, ನನಗೆ ದೇವರ ಮೇಲೆ ಸಿಟ್ಟಿಲ್ಲ. ಅನ್ನದ ಮುಂದೆ ಯಾರಾದರೂ ಕಣ್ಣು ಮುಚ್ಚಿದರೆ ಇನ್ನು ನನ್ನ ಸರದಿ ಬಂತೆಂದು ಹೊಟ್ಟೆ ಗಂಟಾಗುತ್ತದೆ, ಅಷ್ಟೇ” ಎಂದ.

ಪ್ರಿಯ ಓದುಗರೇ, ಇಂಥವರು ನಮ್ಮ ನಡುವೆ ಇಂದು ಒಬ್ಬಿಬ್ಬರಲ್ಲ. ಉಗ್ರ ಪಂಗಡಗಳಿಂದ ಗಾಯಗೊಂಡು ಬಂದವರಿದ್ದಾರೆ. ನಮ್ಮದೇ ಮನೆಗಳ ಅತಿಯಾದ ಬಿಗಿಯಿಂದ ಬೇಸತ್ತು ದೂರವಾದವರೂ ಇದ್ದಾರೆ. ಬೆಂಗಳೂರಿನಿಂದಲೋ ಕೊಲ್ಲಿ ರಾಷ್ಟ್ರಗಳಿಂದಲೋ ರಜೆಗೆ ಬಂದ ಮಗ ಊಟದ ಜಪಕ್ಕೆ ಬಾಯಿ ತೆರೆಯದಿದ್ದಾಗ ತಾಯಿಯ ಮುಖ ಕಪ್ಪಾಗುವುದನ್ನು ಎಷ್ಟು ಮನೆಗಳು ಕಂಡಿಲ್ಲ? ಅಂಥವರು ನಮ್ಮೊಡನೆ ಊಟಕ್ಕೆ ಕುಳಿತಾಗ ನಾವು ಜಪವನ್ನು ಒತ್ತಾಯಿಸಬೇಕೇ, ಕೈಬಿಡಬೇಕೇ ಅಥವಾ ಬೇರೊಂದು ದಾರಿಯಿದೆಯೇ ಎಂಬುದನ್ನು ವಿಚಾರ ಮಾಡುವ ಕಾಲ ಬಂದಿದೆ.

ಮೊದಲಿಗೆ ಈ ಜಪದ ಮೂಲವನ್ನು ನೋಡೋಣ. ಉಂಡು ತೃಪ್ತರಾದಾಗ ಒಳ್ಳೆಯ ನಾಡನ್ನು ಕೊಟ್ಟ ದೇವರನ್ನು ಸ್ತುತಿಸಬೇಕೆಂಬ ಆಜ್ಞೆ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿದೆ. ಯೆಹೂದ್ಯರು ಇಂದಿಗೂ ಊಟದ ಬಳಿಕ ಸಲ್ಲಿಸುವ ಸ್ತುತಿಗೆ ಅದೇ ಆಧಾರ. ಆ ಸಂಪ್ರದಾಯದಲ್ಲಿ ಬೆಳೆದ ಪ್ರಭು ಯೇಸು ಐದು ರೊಟ್ಟಿಗಳನ್ನು ಹಂಚುವ ಮುನ್ನವೂ ಕಡೆಯ ಭೋಜನದಲ್ಲಿಯೂ ದೇವರಿಗೆ ಸ್ತೋತ್ರ ಸಲ್ಲಿಸಿದರು. 1992ರಲ್ಲಿ ಎರಡನೆಯ ಜಾನ್ ಪೌಲರು ಪ್ರಕಟಿಸಿದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಮುಂಜಾನೆ ಮತ್ತು ಸಂಜೆಯ ಪ್ರಾರ್ಥನೆಗಳೊಡನೆ ಊಟದ ಹಿಂದುಮುಂದಿನ ಜಪವನ್ನೂ ಭಕ್ತರ ದಿನಚರಿಯಲ್ಲಿ ಸೇರಿಸಿದೆ. ಈ ಎಲ್ಲ ಕಡೆಯೂ ಊಟದ ಜಪವೆಂದರೆ ಕೃತಜ್ಞತೆ. ಕುಳಿತವರ ವಿಶ್ವಾಸವನ್ನು ಅಳೆಯುವ ಪರೀಕ್ಷೆಯಾಗಿ ಅದನ್ನು ಯಾರೂ ವಿಧಿಸಿಲ್ಲ.

ಆದರೂ ಊಟದ ಪಂಕ್ತಿಯನ್ನೇ ವಿಶ್ವಾಸದ ಗಡಿಯಾಗಿ ಮಾಡಿಕೊಂಡ ಸಮುದಾಯಗಳು ಕ್ರೈಸ್ತ ಲೋಕದಲ್ಲಿವೆ. ಅಮೆರಿಕದ ಪೆನ್ಸಿಲ್ವೇನಿಯ, ಒಹಾಯೊ ಮುಂತಾದ ರಾಜ್ಯಗಳಲ್ಲಿ ನೆಲೆಸಿರುವ ಆಮಿಷ್ ಜನರನ್ನು ಉದಾಹರಣೆಗೆ ನೋಡಬಹುದು. ಕುದುರೆಗಾಡಿ, ಸಾದಾ ಉಡುಪು, ಬೇಸಾಯಗಳಿಂದ ಹೆಸರಾದ ಈ ಜನ ದುಡಿಮೆಗೂ ಪರಸ್ಪರ ಸಹಾಯಕ್ಕೂ ಎತ್ತಿದ ಕೈ. ಇವರ ಊಟದ ಜಪ ಮೌನವಾದುದು. ಊಟಕ್ಕೆ ಮುನ್ನ ಮತ್ತು ಊಟದ ನಂತರ ಮನೆಮಂದಿಯೆಲ್ಲ ತಲೆಬಾಗಿಸಿ ಸುಮ್ಮನಿರುತ್ತಾರೆ. ತಂದೆ ತಲೆಯೆತ್ತಿದಾಗ ಜಪ ಮುಗಿದಂತೆ.

ಇದೇ ಜನರಲ್ಲಿ ಬಹಿಷ್ಕಾರದ ಕಠಿಣ ನಿಯಮವೂ ಇದೆ. ಪ್ರಾಯಕ್ಕೆ ಬಂದು ದೀಕ್ಷಾಸ್ನಾನ ಪಡೆದು, ಸಭೆಗೆ ವಚನ ಕೊಟ್ಟು, ಬಳಿಕ ಸಭೆಯನ್ನು ತೊರೆದವರೊಡನೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. 1632ರ ಡಾರ್ಡ್ರೆಕ್ಟ್ ವಿಶ್ವಾಸ ಘೋಷಣೆಯಲ್ಲಿ ಈ ನಿಯಮಕ್ಕೆ ಸ್ಥಾನ ದೊರಕಿತು. ಇದನ್ನು ಕಟ್ಟುನಿಟ್ಟಾಗಿ ಪಾಲಿಸಬೇಕೆಂದು ಯಾಕೋಬ್ ಅಮ್ಮಾನ್ ಎಂಬ ಹಿರಿಯ ಪಟ್ಟು ಹಿಡಿದಾಗ 1693ರಲ್ಲಿ ಒಡಕು ಮೂಡಿ, ಅವರ ಹೆಸರಿನಿಂದಲೇ ಆಮಿಷ್ ಸಮುದಾಯ ಬೇರೆಯಾಯಿತು. ಇವರು ಆಧಾರವಾಗಿ ಹಿಡಿಯುವುದು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 5ನೆಯ ಅಧ್ಯಾಯವನ್ನು. ಸಹೋದರನೆನಿಸಿಕೊಂಡು ದುರಾಚಾರದಲ್ಲಿ ಬಾಳುವವನೊಡನೆ ಊಟ ಮಾಡಬೇಡಿರೆಂದು ಪೌಲರು ಅಲ್ಲಿ ಎಚ್ಚರಿಸುತ್ತಾರೆ.

ಬಿಟ್ಟುಹೋದ ಮಗ ಇಂಥ ಮನೆಗೆ ಬಂದರೆ ಏನಾಗುತ್ತದೆ? ಅವನಿಗೆ ಬೇರೆಯೇ ಮೇಜು ಹಾಕಲಾಗುತ್ತದೆ. ಆದರೆ ಕೆಲವು ಮನೆಗಳಲ್ಲಿ ಎರಡು ಮೇಜುಗಳನ್ನು ನಾಲ್ಕು ಬೆರಳಿನಷ್ಟು ಅಂತರದಲ್ಲಿ ಇರಿಸಿ, ಎರಡರ ಮೇಲೂ ಒಂದೇ ಬಟ್ಟೆ ಹಾಸುತ್ತಾರೆಂದು ಆ ಜನರ ಜೀವನವನ್ನು ಅಧ್ಯಯನ ಮಾಡಿದವರು ಬರೆದಿದ್ದಾರೆ. ಕೆಳಗೆ ನೋಡಿದರೆ ಮೇಜು ಎರಡು, ಮೇಲೆ ನೋಡಿದರೆ ಒಂದು. ನಿಯಮವನ್ನು ಮುರಿಯಲಾರದ, ಮಗನನ್ನೂ ತೊರೆಯಲಾರದ ಹೆತ್ತವರು ಆ ಬಟ್ಟೆಯನ್ನು ಹಾಸುವಾಗ ಅವರ ಕರುಳಿನಲ್ಲಿ ಏನಾಗುತ್ತಿರಬಹುದು! ಆ ಚಿತ್ರವನ್ನು ನೆನೆದಾಗಲೆಲ್ಲ ನನ್ನ ತಾಯಿಯೂ ಎದ್ದುಹೋದ ಹುಡುಗನೂ ಕಣ್ಣ ಮುಂದೆ ಬರುತ್ತಾರೆ.

ಪರರ ಕಟ್ಟಳೆಯನ್ನು ಟೀಕಿಸುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳುವುದು ಒಳಿತು. 1917ರ ನಮ್ಮ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಬಹಿಷ್ಕೃತರ ಪೈಕಿ ‘ದೂರವಿಡತಕ್ಕವರು’ ಎಂಬ ಒಂದು ವರ್ಗವೇ ಇತ್ತು. 1983ರ ಹೊಸ ಸಂಹಿತೆಯಲ್ಲಿ ಆ ವರ್ಗ ಉಳಿಯಲಿಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠದ ನಿಯಮಾವಳಿಯಲ್ಲಿ ಸಣ್ಣ ತಪ್ಪಿಗೂ ಸಹಪಂಕ್ತಿಯಿಂದ ಹೊರಗಿಡುವ ಶಿಕ್ಷೆಯಿದೆ. ಆದರೆ ಅಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಹೊರಗಿಟ್ಟವನ ಬಳಿಗೆ ಅನುಭವಸ್ಥ ಹಿರಿಯ ಸಹೋದರರನ್ನು ಸದ್ದಿಲ್ಲದೆ ಕಳುಹಿಸಿ, ಆತ ದುಃಖದಲ್ಲಿ ಮುಳುಗದಂತೆ ಸಂತೈಸಬೇಕೆಂದು ಅದೇ ನಿಯಮಾವಳಿ ಮಠಾಧಿಪತಿಗೆ ವಿಧಿಸುತ್ತದೆ. ನಮ್ಮ ಮನೆಗಳಲ್ಲಿಯೋ, ಜಪ ತಪ್ಪಿಸಿದವನಿಗೆ ಗಂಜಿಯಿಲ್ಲ ಎಂದು ಬೆದರಿಸಿದ ತಂದೆಯರಿದ್ದರು, ನಿದ್ದೆಗಣ್ಣಿನ ಮಗುವಿನ ಕಿವಿ ಹಿಂಡಿದ ತಾಯಂದಿರಿದ್ದರು. ಅವರು ಕೆಟ್ಟವರಾಗಿರಲಿಲ್ಲ. ಆದರೆ ಸಂತೈಸುವ ಹಿರಿಯನನ್ನು ಬಳಿಕ ಕಳುಹಿಸಲು ಅನೇಕರು ಮರೆತರು.

ಜಪ ಒತ್ತಾಯದಿಂದ ಬರಲಾರದು ಎಂಬುದು ಇಂದು ಧರ್ಮಸಭೆಯ ಸ್ಪಷ್ಟ ಬೋಧನೆ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆ, ಧರ್ಮದ ವಿಷಯದಲ್ಲಿ ಯಾರನ್ನೂ ಮನಸ್ಸಾಕ್ಷಿಗೆ ವಿರುದ್ಧವಾಗಿ ನಡೆಯುವಂತೆ ಬಲಾತ್ಕರಿಸಬಾರದೆಂದು ಸಾರಿತು. ಈ ಮಾತು ಸರಕಾರಗಳನ್ನು ಕುರಿತು ಹೇಳಿದ್ದಲ್ಲವೇ ಎಂದು ಯಾರಾದರೂ ಕೇಳಬಹುದು. ಸರಕಾರ ಮಾಡಬಾರದ್ದನ್ನು ಸೋದರಮಾವ ಮಾಡಬಹುದೇ ಎಂಬುದು ನನ್ನ ಮರುಪ್ರಶ್ನೆ.

ಇನ್ನು ಕೆಲವರು ಇದಕ್ಕೆ ತದ್ವಿರುದ್ಧವಾದ ಸಲಹೆ ಕೊಡುತ್ತಾರೆ. ಅಂಥವರು ಬಂದ ದಿನ ಜಪವನ್ನೇ ಬಿಟ್ಟುಬಿಡಿ, ಅವರಿಗೇಕೆ ಮುಜುಗರ ಎನ್ನುತ್ತಾರೆ. ನಾನೂ ಒಂದು ವಾರ ಹಾಗೆಯೇ ಯೋಚಿಸಿದೆ. ಆದರೆ ಈ ಉಪಾಯ ನನಗೆ ಹಿಡಿಸಲಿಲ್ಲ. ಅತಿಥಿಗಾಗಿ ನಮ್ಮ ಮನೆಯ ನಡೆಯನ್ನು ಬಚ್ಚಿಟ್ಟರೆ ಆತನನ್ನು ನಾವು ರೋಗಿಯಂತೆ ಕಂಡ ಹಾಗಾಗುತ್ತದೆ. ನಮ್ಮ ಜಪ ಇನ್ನೊಬ್ಬರ ಮುಂದೆ ನಾಚಿ ಅಡಗಬೇಕಾದ ವಸ್ತುವೆಂದು ನಮ್ಮ ಮಕ್ಕಳೂ ತಿಳಿದುಕೊಳ್ಳುತ್ತಾರೆ. ಅಂದಿನ ವಿಶ್ವಗುರು ಫ್ರಾನ್ಸಿಸರು 2015ರ ತಮ್ಮ ‘ಲಾವ್ದಾತೊ ಸಿ’ ಪತ್ರದಲ್ಲಿ, ಊಟಕ್ಕೆ ಮುನ್ನ ಮತ್ತು ನಂತರ ಒಂದು ಕ್ಷಣ ನಿಂತು ದೇವರಿಗೆ ಕೃತಜ್ಞತೆ ಸಲ್ಲಿಸುವ ರೂಢಿಗೆ ವಿಶ್ವಾಸಿಗಳೆಲ್ಲರೂ ಮರಳಬೇಕೆಂದು ಕೇಳಿಕೊಂಡರು. ಆ ಕ್ಷಣ ನಮ್ಮ ಪರಾವಲಂಬನೆಯನ್ನು ನೆನಪಿಸುತ್ತದೆ, ದುಡಿದು ಅನ್ನ ಒದಗಿಸುವವರನ್ನು ಸ್ಮರಿಸುತ್ತದೆ, ಇಲ್ಲದವರೊಡನೆ ನಮ್ಮನ್ನು ಬೆಸೆಯುತ್ತದೆ ಎಂಬುದು ಅವರ ವಿವರಣೆಯ ಸಾರ. ಇಂಥದನ್ನು ಮುಜುಗರಕ್ಕೆ ಅಂಜಿ ಕೈಬಿಡುವುದು ಸರಿಯಲ್ಲ.

ಹಾಗಾದರೆ ಮೂರನೆಯ ದಾರಿ ಯಾವುದು? ಅದನ್ನು ನಾನು ಪವಿತ್ರ ಗ್ರಂಥದ ಎರಡು ಊಟಗಳಲ್ಲಿ ಕಂಡೆ.

ಒಂದನೆಯದು ಹಡಗಿನಲ್ಲಿ ನಡೆದುದು. ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದಲ್ಲಿ ಸಂತ ಪೌಲರು ಕೈದಿಯಾಗಿ ರೋಮಿಗೆ ಸಾಗುತ್ತಿದ್ದಾರೆ. ಬಿರುಗಾಳಿಗೆ ಸಿಕ್ಕಿ ಹದಿನಾಲ್ಕು ದಿನಗಳಿಂದ ಯಾರೂ ಸರಿಯಾಗಿ ಉಂಡಿಲ್ಲ. ಹಡಗಿನಲ್ಲಿದ್ದವರು 276 ಮಂದಿ. ಸೈನಿಕರು, ನಾವಿಕರು, ಕೈದಿಗಳು, ಹೆಚ್ಚಿನವರು ಅನ್ಯದೇವತೆಗಳನ್ನು ನಂಬಿದವರು. ಪೌಲರು ಎಲ್ಲರ ಕಣ್ಣೆದುರಿಗೇ ರೊಟ್ಟಿಯನ್ನು ತೆಗೆದುಕೊಂಡು, ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ತಿನ್ನತೊಡಗಿದರು. ತಮ್ಮ ಜಪವನ್ನು ಅವರು ಬಚ್ಚಿಡಲಿಲ್ಲ. ಯಾರ ಕೈಯನ್ನೂ ಹಿಡಿದು ಜೋಡಿಸಲೂ ಇಲ್ಲ. ಅವರು ಒತ್ತಾಯಿಸಿದ್ದು ಒಂದನ್ನೇ: ಬದುಕಿ ಉಳಿಯಬೇಕಾದರೆ ಊಟ ಮಾಡಿರಿ! ಆಗ ಎಲ್ಲರೂ ಧೈರ್ಯ ತಂದುಕೊಂಡು ಉಂಡರು ಎಂದು ಸಂತ ಲೂಕರು ಬರೆಯುತ್ತಾರೆ. ‘ಅವನೊಡನೆ ಉಣ್ಣಬೇಡಿರಿ’ ಎಂದು ಕೊರಿಂಥದವರಿಗೆ ಬರೆದ ಪೌಲರೇ ಇವರು ಎಂಬುದನ್ನು ಮರೆಯಬಾರದು. ದುರಾಚಾರವನ್ನು ಹೆಮ್ಮೆಯಿಂದ ಮೆರೆಯುವವನಿಗೆ ಹೇಳಿದ ಮಾತನ್ನು ಹೆದರಿ ಬೆಂಡಾದವನಿಗೆ ಅನ್ವಯಿಸಲಾಗದು.

ಎರಡನೆಯದು ಎಮ್ಮಾವುವಿನ ಊಟ. ಇದನ್ನು ನಾವು ಪಾಸ್ಕ ಕಾಲದಲ್ಲಿ ಪ್ರತಿವರ್ಷ ಕೇಳುತ್ತೇವೆ. ಆದರೆ ಆ ಇಬ್ಬರು ಶಿಷ್ಯರು ಯಾವ ದಿಕ್ಕಿಗೆ ನಡೆಯುತ್ತಿದ್ದರು ಎಂಬುದನ್ನು ಗಮನಿಸಿದ್ದೇವೆಯೇ? ಅವರು ಜೆರುಸಲೇಮಿಗೆ ಬೆನ್ನು ಹಾಕಿ ಹೋಗುತ್ತಿದ್ದವರು. ನಂಬಿಕೆಯಿಟ್ಟಿದ್ದೆವು, ಎಲ್ಲ ಮುಗಿಯಿತು ಎಂದು ಮುಖ ಬಾಡಿಸಿಕೊಂಡು ಬಿಟ್ಟುಹೊರಟವರು. ಪುನರುತ್ಥಾನಗೊಂಡ ಪ್ರಭು ಅವರನ್ನು ಅಡ್ಡಗಟ್ಟಿ ಹಿಂದಕ್ಕೆ ತಿರುಗಿಸಲಿಲ್ಲ. ಸುಮಾರು ಹನ್ನೊಂದು ಕಿಲೋಮೀಟರಿನ ಆ ದಾರಿಯಲ್ಲಿ ಅವರು ಹೋಗುವ ಕಡೆಗೇ ಹೆಜ್ಜೆ ಹಾಕಿದರು. ಮೊದಲು ಅವರ ದುಃಖವನ್ನು ಕೇಳಿದರು, ಬಳಿಕ ಪ್ರವಾದಿಗಳ ಮಾತನ್ನು ವಿವರಿಸಿದರು. ಅವರಾಗಿ ಕರೆದ ಮೇಲೆ ಅವರ ಮನೆಯೊಳಗೆ ಹೋದರು. ಊಟಕ್ಕೆ ಕುಳಿತಾಗ ರೊಟ್ಟಿ ತೆಗೆದುಕೊಂಡು ಸ್ತೋತ್ರ ಸಲ್ಲಿಸಿದವರು ಪ್ರಭುವೇ. ಶಿಷ್ಯರಿಗೆ ಉಳಿದದ್ದು ಕೈಚಾಚಿ ತೆಗೆದುಕೊಳ್ಳುವ ಕೆಲಸ. ಅವರ ಕಣ್ಣು ತೆರೆದದ್ದು ಆಗಲೇ. ರಾತ್ರಿಯೆಂದು ನೋಡದೆ ಜೆರುಸಲೇಮಿಗೆ ಮರಳಿದ್ದು ಅವರದೇ ನಿರ್ಧಾರವಾಗಿತ್ತು.

ಈ ಎರಡು ಊಟಗಳಿಂದ ನಾನು ಕಲಿತದ್ದು ಇಷ್ಟು. ಮನೆಯ ಜಪ ನಡೆಯಲಿ, ಎಲ್ಲರ ಎದುರಿಗೇ ನಡೆಯಲಿ. ಅದನ್ನು ಹೇಳುವವರು ಕುಳಿತವರೆಲ್ಲರ ಪರವಾಗಿ ಹೇಳಲಿ. ಬಾಯಿ ತೆರೆಯದವನ ತಟ್ಟೆಗೂ ಅದೇ ಸೌಟಿನಿಂದ, ಅದೇ ಮುಖದಿಂದ ಅನ್ನ ಬೀಳಲಿ.

ಮನೆಯ ಚಿಕ್ಕ ಮಕ್ಕಳು ಇದನ್ನು ಕಂಡು ಕೆಡುವುದಿಲ್ಲವೇ ಎಂಬ ಹೆತ್ತವರ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ‘ಅಣ್ಣ ಹೇಳುವುದಿಲ್ಲ, ನಾನೇಕೆ ಹೇಳಬೇಕು?’ ಎಂದು ಮಗು ಖಂಡಿತ ಕೇಳುತ್ತದೆ. ಮಗುವಿಗೆ ಜಪ ಕಲಿಸುವುದು ಹೆತ್ತವರ ಕರ್ತವ್ಯ. ದೀಕ್ಷಾಸ್ನಾನದ ದಿನ ನಾವು ಒಪ್ಪಿಕೊಂಡ ಹೊಣೆ ಅದು. ಆದರೆ ಕಲಿಸುವುದು ಬೇರೆ, ಹೆದರಿಸುವುದು ಬೇರೆ. ನನ್ನ ಕಿರಿಯ ಮಗಳು ಕೇಳಿದಾಗ ನಾನು ಸತ್ಯವನ್ನೇ ಹೇಳಿದೆ. ಅಣ್ಣನಿಗೆ ಜಪದ ಹೆಸರಿನಲ್ಲಿ ನೋವಾಗಿದೆ, ಅದು ಮಾಯುವವರೆಗೆ ನಾವು ಅವನ ಪರವಾಗಿಯೂ ಹೇಳೋಣ ಎಂದೆ. ಅಂದಿನಿಂದ ಆಕೆ ಜಪವನ್ನು ಓಡಿಸುವುದನ್ನು ಬಿಟ್ಟಿದ್ದಾಳೆ.

ಅನುಭವದಿಂದ ಕೆಲವು ಸಣ್ಣ ಸಲಹೆಗಳನ್ನು ಇಲ್ಲಿ ಹೇಳಬಯಸುತ್ತೇನೆ. ಊಟದ ಜಪ ಚಿಕ್ಕದಾಗಿರಲಿ, ಅನ್ನ ಆರುವ ತನಕ ಎಳೆಯುವುದು ಬೇಡ. ಯಾರದೋ ತಪ್ಪನ್ನು ಜಪದೊಳಗೆ ಸೇರಿಸಿ ದೇವರ ಹೆಸರಿನಲ್ಲಿ ಉಪದೇಶ ಮಾಡುವುದು ಬೇಡವೇ ಬೇಡ. ‘ಇವತ್ತು ನೀನು ಹೇಳು’ ಎಂದು ಅತಿಥಿಯನ್ನು ಎಬ್ಬಿಸಬೇಡಿ. ಜಪದ ಬಳಿಕ ಎರಡು ಉಸಿರಿನಷ್ಟು ಮೌನ ಇಟ್ಟರೆ, ಮಾತು ಬಾರದವನಿಗೂ ಅಲ್ಲಿ ಜಾಗ ಸಿಗುತ್ತದೆ. ಗದ್ದೆಯಲ್ಲಿ ದುಡಿದವರನ್ನೂ ಮೀನು ತಂದವರನ್ನೂ ಒಲೆಯ ಮುಂದೆ ಬೆಂದವರನ್ನೂ ಒಂದು ಮಾತಿನಲ್ಲಿ ನೆನೆಯಿರಿ. ದೇವರನ್ನು ನೆನೆಯಲು ಇನ್ನೂ ಅಂಜುವವನಿಗೆ ಅಡುಗೆ ಮಾಡಿದವರನ್ನು ನೆನೆಯಲು ಅಂಜಿಕೆಯಿರದು. ಕೃತಜ್ಞತೆ ಅಷ್ಟರಿಂದಲೇ ಆರಂಭವಾದರೂ ಅದು ಕೃತಜ್ಞತೆಯೇ.

ನನ್ನ ತಾಯಿಗೆ ಈ ವಾದಗಳನ್ನೆಲ್ಲ ಒಪ್ಪಿಸಲು ನಾನು ಹೋಗಲಿಲ್ಲ. ಹುಡುಗ ಬಸ್ಸಿನ ಹಾದಿಯಲ್ಲಿ ಹೇಳಿದ್ದನ್ನು ಮಾತ್ರ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಮಗುವಿನ ತಟ್ಟೆಯನ್ನು ಒಳಗೆ ಒಯ್ಯುತ್ತಿದ್ದರೇ?” ಎಂದು ಎರಡು ಬಾರಿ ಕೇಳಿದರು.

ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ, ನಮ್ಮ ಮೊಂತಿ ಫೆಸ್ತ್. ಅಂದು ದೇವಾಲಯದಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಮನೆಗೆ ತಂದು, ಕಾಳನ್ನು ಸುಲಿದು ಅರೆದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ, ಜಪದ ಬಳಿಕ ಎಲ್ಲರಿಗೂ ಹಂಚುವ ‘ನೊವೆಂ’ ಊಟವನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಊರಲ್ಲಿ ಇಲ್ಲದವರ ಪಾಲನ್ನೂ ಎತ್ತಿಡುವುದು, ದೂರದ ಮಕ್ಕಳಿಗೆ ಕಾಗದದ ಲಕೋಟೆಯಲ್ಲಿ ನಾಲ್ಕು ಕಾಳು ಕಳುಹಿಸುವುದು ನಮ್ಮ ಹಿರಿಯರ ಪದ್ಧತಿ. ಮುಂಬಯಿಯ ಮಗ ಆ ವಾರ ಪೂಜೆಗೆ ಹೋಗಿದ್ದಾನೋ ಇಲ್ಲವೋ ಎಂದು ವಿಚಾರಿಸಿ ಲಕೋಟೆ ಅಂಟಿಸಿದವರನ್ನು ನಾನು ಕಂಡಿಲ್ಲ. ಪಾಲು ಎಂದರೆ ಪಾಲು. ಮನೆಯವನು ಎಂಬ ಒಂದೇ ಕಾರಣಕ್ಕೆ ಅದು ಸಲ್ಲುತ್ತದೆ.

ಆ ದಿನಕ್ಕೆ ತಂಗಿಯ ಮಗನನ್ನು ಕರೆಯಲು ಹೇಳಿದವರು ನನ್ನ ತಾಯಿಯೇ. ಆತ ಬಂದ. ಪೀಠದ ಮುಂದೆ ನಾವು ಜಪ ಹೇಳುವಾಗ ಬಾಗಿಲ ಬಳಿ ನಿಂತಿದ್ದ. ಕೈ ಜೋಡಿಸಲಿಲ್ಲ. ಬಾಳೆಲೆಯ ಮುಂದೆ ಕುಳಿತಾಗ ತಾಯಿ ಎಲ್ಲರಿಗಿಂತ ಮೊದಲು ಅವನ ಬಳಿ ಹೋಗಿ, ಹೊಸ ಅಕ್ಕಿಯ ಪಾಯಸವನ್ನು ಎಲೆಗೆ ಬಡಿಸಿ, “ಉಣ್ಣು ಪುತಾ, ಇದು ನಿನ್ನ ಪಾಲು” ಎಂದರು. ಆಮೇಲೆ ತಮ್ಮ ಜಾಗಕ್ಕೆ ಬಂದು ಶಿಲುಬೆಯ ಗುರುತು ಮಾಡಿಕೊಂಡರು. ಆತ ಜಪ ಹೇಳಲಿಲ್ಲ. ಆದರೆ ಅಜ್ಜಿಯ ಜಪ ಮುಗಿಯುವವರೆಗೆ ಎಲೆಗೆ ಕೈ ಹಾಕಲಿಲ್ಲ. ಅಂದು ಎರಡು ಬಾರಿ ಅನ್ನ ಹಾಕಿಸಿಕೊಂಡ.

ಮುಂದೊಂದು ದಿನ ಆತ ಜಪಕ್ಕೆ ಮರಳುವನೋ ಇಲ್ಲವೋ ಎಂಬುದು ಅವನಿಗೂ ದೇವರಿಗೂ ಬಿಟ್ಟ ವಿಷಯ. ನಮ್ಮ ಪಾಲಿಗೆ ಬಂದಿರುವುದು ಮೇಜನ್ನು ಒಂದಾಗಿ ಉಳಿಸುವ ಕೆಲಸ. ಅಂತರವನ್ನು ಬಟ್ಟೆಯಿಂದ ಮುಚ್ಚಬೇಕಾದ ಸಂಕಟ ನಮ್ಮ ಯಾವ ಮನೆಗೂ ಬಾರದಿರಲಿ. ಬರುವ ರಜೆಗೆ, ಬರುವ ಹಬ್ಬಕ್ಕೆ, ಜಪ ಬಿಟ್ಟ ಮಗನೋ ಮಗಳೋ ನಿಮ್ಮ ಬಾಗಿಲಿಗೆ ಬಂದರೆ ನಿಮ್ಮ ಜಪವನ್ನು ಎಂದಿನಂತೆ ಹೇಳಿರಿ, ಅವರ ಪಾಲನ್ನು ಎಂದಿನಂತೆ ಬಡಿಸಿರಿ. ಮುಂದಿನದನ್ನು ಎಮ್ಮಾವುವಿನ ದಾರಿಯಲ್ಲಿ ನಡೆದಾತ ನೋಡಿಕೊಳ್ಳುತ್ತಾನೆ.